ಐರ್ಲೆಂಡ್ ಜನ ಮತ ಹಾಕಿದ್ದು ಯಾವ ಪ್ರಶ್ನೆಗೆ?

'ಐರ್ಲೆಂಡ್‌ನಂಥ ಕ್ಯಾಥೊಲಿಕ್ ದೇಶದಲ್ಲೇ ಜನ ಓಟು ಹಾಕಿ ಸಲಿಂಗ ಮದುವೆಗೆ ಒಪ್ಪಿಗೆ ಕೊಟ್ಟರಂತೆ. ನಮ್ಮಲ್ಲೂ ಜನರನ್ನೇ ಕೇಳಿಬಿಟ್ಟರೆ ಆಗಲ್ವಾ ಮೇಡಂ?' ಕೌಟುಂಬಿಕ ನ್ಯಾಯಾಲಯದಲ್ಲಿ ವಕೀಲಿಕೆ ಮಾಡುವ ನನಗೆ ಈ ಪ್ರಶ್ನೆ ಆಗಾಗ ಎದುರಾಗುತ್ತದೆ. ಕೇಳುವವರಲ್ಲಿ ಎರಡು ಥರ. ಜನ ಒಪ್ಪಿಯಾರು ಎಂಬ ಆಸೆಯಿಂದ ಕೇಳುವವರು ಕೆಲವರು. ಖಂಡಿತ ಒಪ್ಪಲ್ಲ ಎಂಬ ಧೈರ್ಯದಿಂದ ಕೇಳುವವರು ಇನ್ನು ಕೆಲವರು. ಇಬ್ಬರಿಗೂ ನಾನು ಹೇಳುವುದು ಒಂದೇ: ಅಲ್ಲಿ ಏನು ಕೇಳಿದರು, ಯಾರು ಕೇಳಿದರು ಅನ್ನುವುದನ್ನು ಮೊದಲು ನೋಡಿ.

ಸಿವಿಲ್ ಕೇಸಿನಲ್ಲಿ ಸಾಕ್ಷಿ ವಿಚಾರಣೆಗೆ ಮುಂಚೆ ನ್ಯಾಯಾಧೀಶರು ವಿವಾದಾಂಶಗಳನ್ನು ಗೊತ್ತುಮಾಡುತ್ತಾರೆ. ಇಶ್ಯೂ ಫ್ರೇಮ್ ಮಾಡುವುದು ಎನ್ನುತ್ತೇವೆ. ಅಲ್ಲಿ ಎಡವಿದರೆ ಎಂಥ ಗಟ್ಟಿ ಕೇಸೂ ಕೈಬಿಟ್ಟು ಹೋಗಬಹುದು. ಜನಮತಗಣನೆಯೂ ಹಾಗೇ.

ಐರ್ಲೆಂಡ್‌ನಲ್ಲಿ 2015ರ ಮೇ 22ರಂದು ಮತದಾನವಾಯಿತು. ಶೇಕಡಾ 62 ಮಂದಿ ಹೌದು ಎಂದರು. 43 ಕ್ಷೇತ್ರಗಳಲ್ಲಿ ಬೇಡ ಎಂದದ್ದು ರಾಸ್‌ಕಾಮನ್-ಸೌತ್ ಲೀಟ್ರಿಮ್ ಒಂದೇ, ಅದೂ ಸಣ್ಣ ಅಂತರದಲ್ಲಿ. ಸಲಿಂಗಿಗಳ ನಡುವಿನ ಸಂಬಂಧ ಅಪರಾಧವಲ್ಲ ಎಂದು ಆ ದೇಶ ಕಾನೂನು ಮಾಡಿದ್ದು 1993ರಲ್ಲಿ. ವಿಚ್ಛೇದನಕ್ಕೆ ಒಪ್ಪಿದ್ದು 1995ರಲ್ಲಿ, ಬರೀ 9,114 ಮತಗಳ ಅಂತರದಿಂದ. ಅದಕ್ಕೂ ಮೊದಲು, 1986ರಲ್ಲಿ, ಇದೇ ಜನ ವಿಚ್ಛೇದನ ಬೇಡವೇ ಬೇಡ ಎಂದಿದ್ದರು. ಅಂಥ ಕಡೆ ಇಪ್ಪತ್ತು ವರ್ಷದಲ್ಲಿ ಇಷ್ಟು ಬದಲಾವಣೆ ಹೇಗಾಯಿತು?

ಚರ್ಚ್ ಮೇಲಿನ ನಂಬಿಕೆ ಕುಸಿಯಿತು, ಅದಕ್ಕೇ ಹೀಗಾಯಿತು ಎನ್ನುವವರು ಜಾಸ್ತಿ. ಇದು ಸುಳ್ಳಲ್ಲ. ಚರ್ಚ್ ಸಂಸ್ಥೆಗಳಲ್ಲಿ ಮಕ್ಕಳ ಮೇಲೆ ನಡೆದ ದೌರ್ಜನ್ಯವನ್ನು 2009ರ ರಯಾನ್ ವರದಿ, ಮರ್ಫಿ ವರದಿಗಳು ಬಯಲಿಗೆ ತಂದಿದ್ದವು. ಸಂಸಾರ ಹೇಗಿರಬೇಕು ಎಂದು ಬಿಷಪ್‌ಗಳು ಹೇಳಿದರೆ ಸುಮ್ನೆ ತಲೆ ಆಡಿಸುವ ಕಾಲ ಮುಗಿದಿತ್ತು. ಆದರೆ ಜನ ಧರ್ಮವನ್ನೇ ಬಿಟ್ಟಿರಲಿಲ್ಲ. 2011ರ ಜನಗಣತಿಯಲ್ಲಿ ಶೇಕಡಾ 84 ಮಂದಿ ತಾವು ಕ್ಯಾಥೊಲಿಕರು ಎಂದೇ ಬರೆಸಿದ್ದರು. ಅಂದರೆ ಹೌದು ಎಂದವರಲ್ಲಿ ಬಹುಪಾಲು ಜನ ಕ್ಯಾಥೊಲಿಕರೇ ಇರಬೇಕಲ್ಲವೇ?

ನನ್ನ ಕಣ್ಣಿಗೆ ಬೀಳುವುದು ಮತದಾನಕ್ಕಿಂತ ಅದರ ತಯಾರಿ. ಅವರ 1937ರ ಸಂವಿಧಾನದ ಒಂದು ಪದ ಬದಲಿಸಬೇಕಾದರೂ ಜನರ ಮತ ಬೇಕು. ಅದರಲ್ಲಿ ಮದುವೆ ಎಂದರೆ ಗಂಡು ಹೆಣ್ಣಿನ ಮದುವೆಯೇ ಎಂದು ಅಲ್ಲಿನ ಹೈಕೋರ್ಟ್ 2006ರಲ್ಲಿ ತೀರ್ಪು ಕೊಟ್ಟಿತ್ತು. ಕ್ಯಾಥರೀನ್ ಜಾಪೋನ್ ಮತ್ತು ಆನ್ ಲೂಯಿಸ್ ಗಿಲಿಗನ್ ಕೆನಡಾದಲ್ಲಿ ಮದುವೆಯಾಗಿ ಬಂದು, ತೆರಿಗೆ ಇಲಾಖೆ ತಮ್ಮನ್ನು ದಂಪತಿ ಎಂದು ಪರಿಗಣಿಸಬೇಕು ಎಂದು ಹೂಡಿದ್ದ ಕೇಸದು. ಅವರು ಸೋತರು. 2010ರಲ್ಲಿ ಸಿವಿಲ್ ಪಾರ್ಟ್‌ನರ್‌ಶಿಪ್ ಕಾನೂನು ಬಂತು. ಆಸ್ತಿ, ತೆರಿಗೆ, ವಾರಸುದಾರಿಕೆಯಲ್ಲಿ ಹಕ್ಕು ಸಿಕ್ಕಿತು, ಆದರೆ ಮದುವೆಗೆ ಸಂವಿಧಾನ ಕೊಡುವ ರಕ್ಷಣೆ ಸಿಗಲಿಲ್ಲ.

ಮುಂದೆ ಸರ್ಕಾರ ಒಂದು ಸಂವಿಧಾನ ಸಮಾವೇಶ ಕರೆಯಿತು. ಒಟ್ಟು ನೂರು ಜನ. ಒಬ್ಬರು ಅಧ್ಯಕ್ಷರು, 33 ರಾಜಕಾರಣಿಗಳು, ಉಳಿದ 66 ಮಂದಿ ಮತದಾರರ ನಡುವಿನಿಂದ ಚೀಟಿ ಎತ್ತಿದಂತೆ ಆರಿಸಿದ ಸಾಮಾನ್ಯರು. ಅವರು ಪರ ವಿರೋಧ ಎರಡೂ ಕಡೆಯವರ ಮಾತು ಕೇಳಿದರು, ಮೇಜಿನ ಸುತ್ತ ಕೂತು ಚರ್ಚಿಸಿದರು. 2013ರ ಏಪ್ರಿಲ್‌ನಲ್ಲಿ ಶೇಕಡಾ 79 ಮಂದಿ ಸಲಿಂಗ ಮದುವೆಯ ಪರವಾಗಿ ನಿಂತರು. ಜನರ ನಡುವಿನಿಂದಲೇ ಮಾತು ಬಂದಾಗ 'ಇದು ನಾಲ್ಕು ಜನ ಬುದ್ಧಿಜೀವಿಗಳ ಹಟ' ಎನ್ನುವುದು ಕಷ್ಟ.

ವಕೀಲೆಯಾಗಿ ನಾನು ಮೆಚ್ಚುವ ಹೆಜ್ಜೆ ಇನ್ನೊಂದಿದೆ. ಎಲ್ಲ ಕಡೆ ವಿರೋಧಿಗಳು ಹಿಡಿಯುವುದು ಮಕ್ಕಳ ವಿಷಯವನ್ನು. ಐರ್ಲೆಂಡ್‌ನಲ್ಲೂ ಕಂಬ ಕಂಬಕ್ಕೆ ಅದೇ ಪೋಸ್ಟರ್: ಮಗುವಿಗೆ ಅಪ್ಪ ಅಮ್ಮ ಇಬ್ಬರೂ ಬೇಕು ಎಂದು. ಆದರೆ ಸಲಿಂಗಿ ಜೋಡಿ ಒಟ್ಟಾಗಿ ದತ್ತು ಪಡೆಯಲು ದಾರಿ ಮಾಡುವ ಕಾನೂನನ್ನು ಸಂಸತ್ತು ಮತದಾನಕ್ಕೆ ಮೊದಲೇ, 2015ರ ಏಪ್ರಿಲ್ ಹೊತ್ತಿಗೆ, ಮುಗಿಸಿಬಿಟ್ಟಿತ್ತು. ಹಾಗಾಗಿ ಮತಪತ್ರದಲ್ಲಿ ಉಳಿದದ್ದು ಮದುವೆಯೊಂದೇ. ಇಬ್ಬರು ವ್ಯಕ್ತಿಗಳು, ಲಿಂಗಭೇದವಿಲ್ಲದೆ, ಕಾನೂನಿನ ಪ್ರಕಾರ ಮದುವೆಯಾಗಬಹುದು. ಇಂಗ್ಲಿಷಿನಲ್ಲಿ ಅದು ಬರೀ 17 ಪದ. ಯಾರಿಗೆ ಬೇಕಾದರೂ ಅರ್ಥವಾಗುವಂಥದ್ದು.

ಪ್ರಚಾರವನ್ನೂ ಅಷ್ಟೇ ಜಾಣತನದಿಂದ ಮಾಡಿದರು. ಹೌದು ಎನ್ನಿ ಎಂದು ಪ್ರಚಾರ ಮಾಡಿದ 'ಯೆಸ್ ಈಕ್ವಾಲಿಟಿ' ಸಂಘಟನೆಯವರು ಸಿದ್ಧಾಂತ ಬಿಟ್ಟು ಮನೆಮನೆಗೆ ಹೋಗಿ ಕಥೆ ಹೇಳಿದರು. ಅಪ್ಪ ಅಮ್ಮಂದಿರು, ಅಜ್ಜ ಅಜ್ಜಿಯರು ಮಾತಾಡಿದರು. ಮಾಜಿ ರಾಷ್ಟ್ರಪತಿ ಮೇರಿ ಮ್ಯಾಕಲೀಸ್ ಕ್ಯಾಥೊಲಿಕ್ ಭಕ್ತೆ, ಚರ್ಚ್ ಕಾನೂನು ಓದಿದವರು. ಮಗ ಸಲಿಂಗಿ. ಅವರು ಬಹಿರಂಗವಾಗಿ ಹೌದು ಎಂದರು. ಆರೋಗ್ಯ ಸಚಿವ ಲಿಯೋ ವರಾಡ್ಕರ್, ಮುಂಬೈ ಮೂಲದ ಡಾಕ್ಟರ ಮಗ, ಆ ವರ್ಷದ ಜನವರಿಯಲ್ಲೇ ರೇಡಿಯೋದಲ್ಲಿ ತಾನು ಸಲಿಂಗಿ ಎಂದಿದ್ದರು. ವಲಸೆ ಹೋದವರಿಗೆ ಅಂಚೆ ಮತದ ಸೌಲಭ್ಯ ಇರಲಿಲ್ಲ. ಲಂಡನ್ನಿನಿಂದ ಹಡಗು ಹತ್ತಿ, ದೂರದ ದೇಶಗಳಿಂದ ವಿಮಾನ ಹಿಡಿದು ಹುಡುಗ ಹುಡುಗಿಯರು ಊರಿಗೆ ಬಂದರು. (ನಮ್ಮ ಅನಿವಾಸಿ ಮತದಾರರೂ ಖುದ್ದು ಬಂದೇ ಓಟು ಹಾಕಬೇಕು. ಎಷ್ಟು ಜನ ಬರುತ್ತಾರೆ ಅಂತ ಕೇಳಬೇಡಿ.)

ಫಲಿತಾಂಶ ಬಂದಾಗ ವ್ಯಾಟಿಕನ್‌ನ ಕಾರ್ಡಿನಲ್ ಪರೋಲಿನ್ ಇದು ಮನುಕುಲಕ್ಕೇ ಸೋಲು ಎಂದರು. ಡಬ್ಲಿನ್ನಿನ ಆರ್ಚ್‌ಬಿಷಪ್ ಡೀರ್ಮಡ್ ಮಾರ್ಟಿನ್ ಮಾತ್ರ, ಚರ್ಚ್ ವಾಸ್ತವ ಏನೆಂದು ನೋಡಿಕೊಳ್ಳಬೇಕು ಎಂದರು. ಊರಿನಲ್ಲಿ ಇದ್ದವರಿಗೆ ಊರು ಗೊತ್ತಿರುತ್ತದೆ.

ಈಗ ಯುರೋಪಿನ ಬೇರೆ ದೇಶಗಳ ಕಡೆ ಬನ್ನಿ. ಕ್ರೊಯೇಷಿಯಾವೂ ಕ್ಯಾಥೊಲಿಕ್ ದೇಶ. ಅಲ್ಲಿ 2013ರ ಡಿಸೆಂಬರ್‌ನಲ್ಲಿ ಪ್ರಶ್ನೆ ಎತ್ತಿದ್ದು ವಿರೋಧಿಗಳು. ಏಳು ಲಕ್ಷಕ್ಕೂ ಹೆಚ್ಚು ಸಹಿ ಒಟ್ಟುಮಾಡಿ, ಮದುವೆ ಎಂದರೆ ಗಂಡು ಹೆಣ್ಣಿನದು ಮಾತ್ರ ಎಂದು ಸಂವಿಧಾನದಲ್ಲಿ ಬರೆಯಬೇಕೇ ಎಂದು ಕೇಳಿದರು. ಮತ ಹಾಕಿದವರಲ್ಲಿ ಶೇಕಡಾ 65ಕ್ಕೂ ಹೆಚ್ಚು ಮಂದಿ ಹೌದು ಎಂದರು. ಮತಗಟ್ಟೆಗೆ ಬಂದವರು ಶೇಕಡಾ 38 ಮಾತ್ರ. ಯುರೋಪಿಯನ್ ಒಕ್ಕೂಟ ಸೇರುವ ಮತದಾನ ಸಲೀಸಾಗಲಿ ಎಂದು ಅರ್ಧದಷ್ಟು ಜನ ಮತ ಹಾಕಲೇಬೇಕೆಂಬ ನಿಯಮವನ್ನು 2010ರಲ್ಲಿ ತೆಗೆದಿದ್ದರು. ಅದು ಇಲ್ಲಿ ಕೆಲಸಕ್ಕೆ ಬಂತು. ಸ್ಲೊವಾಕಿಯಾದಲ್ಲಿ ಆ ನಿಯಮ ಹಾಗೇ ಇತ್ತು. 2015ರ ಫೆಬ್ರವರಿಯಲ್ಲಿ ಇಂಥದ್ದೇ ಮತದಾನಕ್ಕೆ ಬಂದವರು ಶೇಕಡಾ 21. ಬಂದವರಲ್ಲಿ ಬಹುತೇಕರು ವಿರೋಧಿಗಳ ಪರವೇ ಮತ ಹಾಕಿದರೂ ಮತದಾನವೇ ಅಸಿಂಧುವಾಯಿತು.

ಸ್ಲೊವೇನಿಯಾದ್ದು ಇನ್ನೂ ಪಾಠ ಕಲಿಸುವ ಕಥೆ. ಸಂಸತ್ತು 2015ರಲ್ಲಿ ಸಲಿಂಗ ಮದುವೆಯ ಕಾನೂನು ಪಾಸು ಮಾಡಿತು. ವಿರೋಧಿಗಳು 'ಇದು ಮಕ್ಕಳ ವಿಷಯ' ಎಂಬ ಹೆಸರಿನಲ್ಲೇ ಸಂಘಟನೆ ಕಟ್ಟಿ ಮತದಾನ ತಂದರು. ಐರ್ಲೆಂಡ್‌ನಲ್ಲಿ ಮೊದಲೇ ಬೇರ್ಪಡಿಸಿದ್ದ ಪ್ರಶ್ನೆ ಇಲ್ಲಿ ಕಾನೂನಿನ ಜೊತೆಗೇ ಅಂಟಿಕೊಂಡಿತ್ತು. ಡಿಸೆಂಬರ್‌ನಲ್ಲಿ ಶೇಕಡಾ 63 ಮಂದಿ ಅದನ್ನು ತಳ್ಳಿಹಾಕಿದರು. ಕೊನೆಗೆ ಮದುವೆ ಬಂದದ್ದು 2022ರಲ್ಲಿ, ಸಂವಿಧಾನ ನ್ಯಾಯಾಲಯದ ತೀರ್ಪಿನಿಂದ.

ಅಲ್ಪಸಂಖ್ಯಾತರ ಹಕ್ಕನ್ನು ಬಹುಸಂಖ್ಯಾತರ ಓಟಿಗೆ ಬಿಡುವುದು ನನಗೆ ಇಷ್ಟವಿಲ್ಲ. ಗೆದ್ದ ಐರ್ಲೆಂಡ್‌ನಲ್ಲೂ ಸಲಿಂಗಿಗಳು ಪಕ್ಕದ ಮನೆಯ ಬಾಗಿಲು ತಟ್ಟಿ 'ನಾನು ಮದುವೆಯಾಗಬಹುದಾ' ಎಂದು ಕೇಳಬೇಕಾಯಿತು. ಕೇಳುವವರ ಎದೆ ಎಷ್ಟು ಹೊಡೆದುಕೊಂಡಿರಬೇಡ!

ಐರ್ಲೆಂಡ್ ಉದಾರವಾಗಿಬಿಟ್ಟಿದೆ, ಇನ್ನು ಏನು ಕೇಳಿದರೂ ಹೌದು ಎನ್ನುತ್ತಾರೆ ಎಂದುಕೊಂಡವರು ಇದ್ದರು. ಗರ್ಭಪಾತದ ಮತದಾನ ಅವರ ಮಾತಿಗೆ ಬಲ ಕೊಟ್ಟಿತು. ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ 2012ರಲ್ಲಿ ಗಾಲ್ವೇಯ ಆಸ್ಪತ್ರೆಯಲ್ಲಿ, ಕೇಳಿದರೂ ಗರ್ಭಪಾತ ಮಾಡದೆ ಹೋದದ್ದರಿಂದ, ತೀರಿಕೊಂಡದ್ದು ನಮಗೆಲ್ಲ ನೆನಪಿದೆ. 2018ರಲ್ಲಿ, ಮತ್ತೆ ನಾಗರಿಕರ ಸಭೆ ನಡೆದ ಮೇಲೆ, ಶೇಕಡಾ 66 ಮಂದಿ ಗರ್ಭಪಾತದ ನಿಷೇಧ ತೆಗೆಯಲು ಒಪ್ಪಿದರು. ಆದರೆ 2024ರ ಮಾರ್ಚ್‌ನಲ್ಲಿ ಸರ್ಕಾರ ಸಂವಿಧಾನದಲ್ಲಿ ಕುಟುಂಬದ ವ್ಯಾಖ್ಯೆ ಹಿಗ್ಗಿಸಲು ಹೊರಟಿತು. ಮದುವೆಯ ಜೊತೆಗೆ 'ಬಾಳಿಕೆ ಬರುವ ಇತರ ಸಂಬಂಧ'ಗಳೂ ಕುಟುಂಬವೇ ಎಂಬ ಮಾತು ಸೇರಿಸಿತು. ಎಂಥ ಸಂಬಂಧ, ಎಷ್ಟು ವರ್ಷದ್ದು, ಆಸ್ತಿಗೆ ಏನಾಗುತ್ತದೆ ಎಂದು ಜನ ಕೇಳಿದರೆ ನೇರ ಉತ್ತರ ಸಿಗಲಿಲ್ಲ. ದೊಡ್ಡ ಪಕ್ಷಗಳೆಲ್ಲ ಬೆಂಬಲಿಸಿದ್ದರೂ ಶೇಕಡಾ 67ಕ್ಕೂ ಹೆಚ್ಚು ಮಂದಿ ಬೇಡ ಎಂದರು. ಆಗ ಪ್ರಧಾನಿಯಾಗಿದ್ದವರು ಅದೇ ವರಾಡ್ಕರ್.

ನಮ್ಮ ವಿಷಯ ಕೇಳಿದರೆ, ಸಂವಿಧಾನ ತಿದ್ದಲು ನಮ್ಮಲ್ಲಿ ಜನಮತಗಣನೆ ಇಲ್ಲವೇ ಇಲ್ಲ. 368ನೇ ವಿಧಿ ಆ ಕೆಲಸವನ್ನು ಸಂಸತ್ತಿಗೆ, ಕೆಲವು ವಿಷಯಗಳಲ್ಲಿ ರಾಜ್ಯಗಳ ಒಪ್ಪಿಗೆಯೊಂದಿಗೆ, ಕೊಟ್ಟಿದೆ. ಸಲಿಂಗ ಮದುವೆಗೆ ಸಂವಿಧಾನ ತಿದ್ದುವ ಅಗತ್ಯವೂ ಇಲ್ಲ, ಸಾಮಾನ್ಯ ಕಾನೂನು ಸಾಕು. 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಶಾಸಕಾಂಗಕ್ಕೇ ಬಿಟ್ಟಿತು. ಅಂಥ ಕಾನೂನು ಬರುವವರೆಗೆ ನನ್ನ ಬಳಿ ಬರುವ ಜೋಡಿಗಳಿಗೆ ಹೇಳುವುದಿಷ್ಟು: ಇಬ್ಬರೂ ವಿಲ್ ಬರೆಸಿ, ಕಡ್ಡಾಯವಲ್ಲದಿದ್ದರೂ ರಿಜಿಸ್ಟರ್ ಮಾಡಿಸಿ. ಜಂಟಿ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮಿನಿ ಮಾಡಲು ಅಡ್ಡಿಯಿಲ್ಲ ಎಂದು ಕೇಂದ್ರ ಹಣಕಾಸು ಸಚಿವಾಲಯ 2024ರ ಆಗಸ್ಟ್‌ನಲ್ಲೇ ಸ್ಪಷ್ಟಪಡಿಸಿದೆ. ಬ್ಯಾಂಕಿನವರು ಗೊಣಗಿದರೆ ಅದರ ಪ್ರತಿ ತೋರಿಸಿ.