ಹೆಗಲು ಎಲ್ಲಿ ನಿಲ್ಲಬೇಕು: ಒಂದು ಅಳತೆಯ ರೈಫಲ್ ಕೇಸಿನಿಂದ ಇನ್ನೊಂದನ್ನು ರೂಪಿಸುವುದರ ಟಿಪ್ಪಣಿ

ಕೇಸು ಎಂದರೆ ಕಾಡತೂಸಿನ ಮದ್ದನ್ನೂ ಗುಂಡನ್ನೂ ಹಿಡಿದಿರುವ ಹಿತ್ತಾಳೆಯ ಕೊಳವೆ; ಗುಂಡು ಕೂರುವ ಕಿರಿದಾದ ತುದಿ ಅದರ ಕತ್ತು, ಕತ್ತಿಗೂ ಅಗಲವಾದ ಒಡಲಿಗೂ ನಡುವಿನ ಇಳಿಜಾರು ಹೆಗಲು. ಮೂಲ ಕೇಸನ್ನು ಆರಿಸುವಾಗ ಮೊದಲು ನೋಡಬೇಕಾದದ್ದು ಅದರ ಬುಡವನ್ನು. ಕತ್ತನ್ನು ಕಿರಿದಾಗಿಸಬಹುದು, ಹಿಗ್ಗಿಸಬಹುದು, ಉದ್ದವನ್ನು ಕತ್ತರಿಸಬಹುದು. ಆದರೆ ದಪ್ಪ ಹಿತ್ತಾಳೆಯ ಗಟ್ಟಿ ಬುಡವನ್ನು ಡೈಗಳಿಂದ, ಎಂದರೆ ಕೇಸನ್ನು ಒತ್ತಿ ರೂಪಿಸುವ ಅಚ್ಚುಗಳಿಂದ, ಬದಲಾಯಿಸಲಾಗದು. ರೈಫಲ್ ಕಾಡತೂಸುಗಳಲ್ಲಿ 1906ರ .30-06 ಸ್ಪ್ರಿಂಗ್‌ಫೀಲ್ಡ್, 1925ರ .270 ವಿಂಚೆಸ್ಟರ್, 1952ರ .308 ವಿಂಚೆಸ್ಟರ್ ಮತ್ತು ಅದರಿಂದಲೇ ಹುಟ್ಟಿದ 1955ರ .243, ಈ ಎಲ್ಲವುಗಳ ಬುಡದ ಅಂಚು ಸುಮಾರು 12 ಮಿಲಿಮೀಟರ್ ಇರುವುದರಿಂದಲೇ ಇವು ಒಂದು ಕುಟುಂಬದಂತೆ ಕಾಣುತ್ತವೆ.

ಕತ್ತಿನ ವಿಷಯದಲ್ಲಿ ನೆನಪಿಡಬೇಕಾದದ್ದು ಒಂದೇ: ಲೋಹ ಎಲ್ಲಿಯೂ ಮಾಯವಾಗುವುದಿಲ್ಲ. .308ರ ಕೇಸಿನ ಕತ್ತಿನ ಒಳವ್ಯಾಸ 7.82 ಮಿ.ಮೀ., ಗೋಡೆ 0.38 ಮಿ.ಮೀ. ಎಂದಿಟ್ಟುಕೊಂಡು ಅದನ್ನು .243ರ 6.17 ಮಿ.ಮೀ.ಗೆ ಇಳಿಸಿದರೆ, ಉದ್ದ ಹೆಚ್ಚದಿದ್ದ ಪಕ್ಷದಲ್ಲಿ ಗೋಡೆಯ ದಪ್ಪ ಸುಮಾರು 0.47 ಮಿ.ಮೀ. ಆಗಬೇಕಾಗುತ್ತದೆ. ಆಗ ಹೊರವ್ಯಾಸ 7.11 ಮಿ.ಮೀ. ಆಗುತ್ತದೆ; .243ರ ಕಾಡತೂಸಿಗೆ ನಿಗದಿಯಾದ ಗರಿಷ್ಠ ಮಿತಿ ಮಾತ್ರ 7.01 ಮಿ.ಮೀ. ವಾಸ್ತವದಲ್ಲಿ ಲೋಹದ ಸ್ವಲ್ಪ ಪಾಲು ಉದ್ದಕ್ಕೆ ಹೋಗುತ್ತದೆ, ಆದರೂ ಅಳೆದು ನೋಡದೆ ಮುಂದುವರಿಯುವಂತಿಲ್ಲ. ಕತ್ತು ದಪ್ಪವಾಗಿ ಚೇಂಬರಿನ, ಎಂದರೆ ರೈಫಲಿನಲ್ಲಿ ಕಾಡತೂಸು ಕೂರುವ ಗೂಡಿನ, ಗೋಡೆಗೆ ಒತ್ತಿಕೊಂಡರೆ ಗುಂಡನ್ನು ಬಿಡಲು ಅದಕ್ಕೆ ಹಿಗ್ಗುವ ಜಾಗವೇ ಇರುವುದಿಲ್ಲ, ಒತ್ತಡ ಅಪಾಯದ ಮಟ್ಟಕ್ಕೆ ಏರುತ್ತದೆ. ಹೆಚ್ಚಿನ ದಪ್ಪವನ್ನು ಹೊರಗಿನಿಂದ ಕೆತ್ತಿ ತೆಗೆಯುವುದು ಇದಕ್ಕೆ ಪರಿಹಾರ.

ನನ್ನನ್ನು ಬಹಳ ದಿನ ಕಾಡಿದ್ದು ಕತ್ತಲ್ಲ, ಹೆಗಲು. ಅಂಚು ಹೊರಚಾಚದ ಇಂಥ ಕೇಸುಗಳನ್ನು ಚೇಂಬರಿನಲ್ಲಿ ಮುಂದಕ್ಕೆ ಜಾರದಂತೆ ತಡೆಯುವುದು ಹೆಗಲೇ. ಚೇಂಬರನ್ನು ಹಿಂದಿನಿಂದ ಮುಚ್ಚುವ ಬೋಲ್ಟಿನ ಮುಖದಿಂದ ಚೇಂಬರಿನ ಹೆಗಲಿನ ಮೇಲೆ ಗುರುತಿಸಿದ ಒಂದು ನಿರ್ದಿಷ್ಟ ವ್ಯಾಸದವರೆಗಿನ ದೂರವನ್ನು ಹೆಡ್‌ಸ್ಪೇಸ್ ಎನ್ನುತ್ತಾರೆ. ಈ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿದ್ದರೂ, ಕೇಸು ಚೇಂಬರಿನೊಳಗೆ ಹೋಗಿ ಬೋಲ್ಟ್ ನಯವಾಗಿ ಮುಚ್ಚಿಕೊಂಡರೆ ಕೆಲಸ ಸರಿಯಾಗಿದೆ ಎಂದೇ ನಾನು ನಂಬಿದ್ದೆ. ಹೆಗಲು ಇರಬೇಕಾದ ಜಾಗಕ್ಕಿಂತ ಹಿಂದೆ ಇರುವ ಕೇಸು ಕೂಡ ಅಷ್ಟೇ ನಯವಾಗಿ, ಬಹುಶಃ ಇನ್ನೂ ನಯವಾಗಿ ಒಳಗೆ ಹೋಗುತ್ತದೆ ಎಂಬುದು ಹೊಳೆದ ಮೇಲೆಯೇ ಉಳಿದದ್ದು ಅರ್ಥವಾಯಿತು.

ಇದಕ್ಕೆ .280 ರೆಮಿಂಗ್ಟನ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 1957ರಲ್ಲಿ ಬಂದ ಈ ಕಾಡತೂಸು .30-06ರ ವಂಶದ್ದೇ, ಆದರೆ ಯಾರೂ ತಪ್ಪಿ ಇದನ್ನು .270ರ ಚೇಂಬರಿಗೆ ತುಂಬದಿರಲಿ ಎಂದು ಹೆಗಲನ್ನು ಸುಮಾರು 1.27 ಮಿ.ಮೀ. ಮುಂದಕ್ಕೆ ಸರಿಸಲಾಗಿದೆ. ಈಗ .30-06ರ ಕೇಸನ್ನು ನೇರವಾಗಿ .280ರ ಡೈಗೆ ಕೊಟ್ಟರೆ ಕತ್ತು ಕಿರಿದಾಗುತ್ತದೆ, ಹೆಗಲು ಮಾತ್ರ ಹಳೆಯ ಜಾಗದಲ್ಲೇ ಉಳಿಯುತ್ತದೆ. ಹಾರಿಸುವ ಹೊತ್ತಿಗೆ, ಬುಡಕ್ಕೆ ಬಡಿದು ಮದ್ದನ್ನು ಹೊತ್ತಿಸುವ ಫೈರಿಂಗ್ ಪಿನ್ ಕೇಸನ್ನು ಮುಂದಕ್ಕೆ ತಳ್ಳುತ್ತದೆ. ಒತ್ತಡ ಏರಿದಾಗ ತೆಳುವಾದ ಮುಂಭಾಗ ಚೇಂಬರಿನ ಗೋಡೆಯನ್ನು ಹಿಡಿದುಕೊಳ್ಳುತ್ತದೆ. ಗಟ್ಟಿಯಾದ ಬುಡ ಬೋಲ್ಟಿನತ್ತ ಹಿಂದಕ್ಕೆ ಸರಿಯುತ್ತದೆ. ಈ ಎರಡರ ನಡುವೆ, ಬುಡಕ್ಕೆ ತುಸು ಮುಂದೆ, ಗೋಡೆ ಉಂಗುರದಂತೆ ತೆಳ್ಳಗಾಗುತ್ತದೆ, ಕೊನೆಗೆ ಅಲ್ಲಿಯೇ ಹರಿಯುತ್ತದೆ. ಹರಿದ ಕೇಸಿನಿಂದ ನುಗ್ಗುವ ಅನಿಲ ರೈಫಲನ್ನೂ ಹಾರಿಸುವವರ ಕಣ್ಣನ್ನೂ ಹಾಳುಮಾಡಬಲ್ಲದು.

ಇದಕ್ಕಾಗಿ ಮಾಡುವ ಉಪಾಯವೇ ಸುಳ್ಳು ಹೆಗಲು. ಕತ್ತನ್ನು ಕಿರಿದಾಗಿಸುವ ಮೊದಲು ಅದನ್ನು ಬೇಕಾದುದಕ್ಕಿಂತ ಅಗಲ ಮಾಡಬೇಕೆಂಬುದು ಮೊದಲಿಗೆ ತಲೆಕೆಳಗಾದ ಮಾತಿನಂತೆ ಕಂಡಿತು. .30-06ರ ಕತ್ತನ್ನು .338ರ ಅಳತೆಗೆ, ಎಂದರೆ ಸುಮಾರು 8.6 ಮಿ.ಮೀ.ಗೆ ಹಿಗ್ಗಿಸಿ, ಆಮೇಲೆ .280ರ ಡೈಯನ್ನು ಸ್ವಲ್ಪ ಸ್ವಲ್ಪವೇ ಕೆಳಗಿಳಿಸುತ್ತ ಕತ್ತನ್ನು ತುದಿಯಿಂದ ಕಿರಿದಾಗಿಸುತ್ತ ಬಂದರೆ, ಡೈ ಇನ್ನೂ ಮುಟ್ಟದ ಅಗಲವಾದ ಭಾಗಕ್ಕೂ ಕಿರಿದಾದ ಭಾಗಕ್ಕೂ ನಡುವೆ ಒಂದು ಸಣ್ಣ ಮೆಟ್ಟಿಲು ಉಳಿಯುತ್ತದೆ. ಆ ಮೆಟ್ಟಿಲೇ ಚೇಂಬರಿನ ಹೆಗಲಿಗೆ ತಾಗಿ ಕೇಸನ್ನು ಹಿಂದಕ್ಕೆ, ಬೋಲ್ಟಿಗೆ ಒತ್ತಿ ಹಿಡಿಯುತ್ತದೆ. ಪ್ರತಿ ಸಲ ಖಾಲಿ ಕೇಸನ್ನು ಚೇಂಬರಿನಲ್ಲಿಟ್ಟು ನೋಡಬೇಕು: ಮೊದಲು ಬೋಲ್ಟ್ ಮುಚ್ಚುವುದೇ ಇಲ್ಲ, ತುಸು ಬಿಗಿಯಾಗಿ ಮುಚ್ಚಿದ ಕ್ಷಣ ಡೈಯನ್ನು ಅಲ್ಲಿಯೇ ನಿಲ್ಲಿಸಬೇಕು. ನಾನು ವೈಫಲ್ಯವೆಂದುಕೊಂಡಿದ್ದ ಆ ಬಿಗಿತವೇ ಇಲ್ಲಿ ಬೇಕಾದದ್ದು. ಮೊದಲ ಸಲ ಹಾರಿಸಿದಾಗ ಮೆಟ್ಟಿಲು ಅಳಿಸಿ, ಹೆಗಲು ಚೇಂಬರಿನ ಆಕಾರ ಪಡೆಯುತ್ತದೆ. ಆ ಮೊದಲ ಹಾರಿಕೆಗೆ ಎಷ್ಟು ಮದ್ದು ಎಂಬುದನ್ನು ಪ್ರಕಟಿತ ಕೈಪಿಡಿಯಿಂದಲೇ ತೆಗೆದುಕೊಳ್ಳಬೇಕು. .30-06ರ ಕೇಸು 63.3 ಮಿ.ಮೀ., .280 ಸುಮಾರು 64.5 ಮಿ.ಮೀ. ಆದ್ದರಿಂದ ಸಿದ್ಧವಾದ ಕತ್ತು ತುಸು ಗಿಡ್ಡವಾಗಿಯೇ ಉಳಿಯುತ್ತದೆ, ಅದರಿಂದ ತೊಂದರೆಯಿಲ್ಲ.

ಹದಗಾಯಿಸುವುದರ, ಎಂದರೆ ಲೋಹವನ್ನು ಕಾಯಿಸಿ ಮೆದು ಮಾಡುವುದರ, ಬಗ್ಗೆ ಚಿಕ್ಕದಾಗಿ ಹೇಳುವೆ. ಶೇ. 70 ತಾಮ್ರ, ಶೇ. 30 ಸತುವಿನ ಈ ಹಿತ್ತಾಳೆ ಬಡಿದಷ್ಟೂ ಗಡುಸಾಗುತ್ತದೆ, ಗಡುಸಾದ ಕತ್ತು ಸೀಳುತ್ತದೆ. ಕಾಯಿಸಿದರೆ ಮತ್ತೆ ಮೆದುವಾಗುತ್ತದೆ. ನೀರಿನಲ್ಲಿ ಅದ್ದಿದರೆ ಉಕ್ಕಿನಂತೆ ಗಟ್ಟಿಯಾಗುತ್ತದೆ ಎಂಬುದು ತಪ್ಪು; ನೀರು ಶಾಖ ಬುಡಕ್ಕೆ ಹರಿಯದಂತೆ ತಡೆಯುತ್ತದೆ, ಅಷ್ಟೆ. .30-06ರ ಗರಿಷ್ಠ ಒತ್ತಡ ಚದರ ಇಂಚಿಗೆ 60,000 ಪೌಂಡ್. ಮೆದುವಾದ ಬುಡ ಅದನ್ನು ತಾಳಲಾರದು, ಆದ್ದರಿಂದ ಕಾಯಿಸುವುದು ಕತ್ತು ಮತ್ತು ಹೆಗಲನ್ನು ಮಾತ್ರ. ಇದಕ್ಕೆ ಹೊಂದಿದ ಹಳೆಯ ಸಂಗತಿಯೊಂದಿದೆ: ಬ್ರಿಟಿಷರ ಕಾಲದ ಭಾರತದಲ್ಲಿ ಲಾಯಗಳಲ್ಲಿಟ್ಟ ಕಾಡತೂಸುಗಳು ಮಳೆಗಾಲದಲ್ಲಿ ತಾವಾಗಿಯೇ ಬಿರಿಯುತ್ತಿದ್ದವು. ಕುದುರೆಗಳ ಮೂತ್ರದಿಂದ ಏಳುವ ಅಮೋನಿಯಾ ಮತ್ತು ಎಳೆದು ರೂಪಿಸುವಾಗ ಲೋಹದಲ್ಲಿ ಉಳಿದ ಬಿಗಿತ, ಇವೆರಡೂ ಸೇರಿ ಹೀಗಾಗುತ್ತದೆಂಬ ವಿವರಣೆ 1921ರಲ್ಲಿ ಬಂದಿತು. ಹಾಗಾಗಿ ಅಮೋನಿಯಾ ಇರುವ ದ್ರಾವಣದಿಂದ ಕೇಸುಗಳನ್ನು ತೊಳೆಯಬಾರದು.

ಸಿದ್ಧವಾದ ಕೇಸಿನ ಬುಡದ ಮೇಲೆ ಹಳೆಯ ಮುದ್ರೆ ಹಾಗೆಯೇ ಇರುತ್ತದೆ. .30-06 ಎಂದು ಓದಿಸುವ .280ರ ಕಾಡತೂಸು ಬೇರೊಬ್ಬರ ಕೈಗೆ ಸಿಕ್ಕರೆ ಅವರು ಮುದ್ರೆಯನ್ನೇ ನಂಬುತ್ತಾರೆ. ಇಂಥವನ್ನು ಬೇರೆ ಪೆಟ್ಟಿಗೆಯಲ್ಲಿ, ಮೂಲ ಅಳತೆ ಮತ್ತು ಹೊಸ ಅಳತೆ ಎರಡನ್ನೂ ಬರೆದ ಚೀಟಿಯೊಂದಿಗೆ ಇಡಬೇಕು.