ಯುದ್ಧವಿಮಾನ ಒಡೆಯಲು ಗ್ಯಾಸ್ ಕಟರ್ ಸಾಲದಾ?

ಪ್ರಶ್ನೆ: ಸೇವೆ ಮುಗಿದ ಯುದ್ಧವಿಮಾನ ಒಡೆಯಲು ಅಷ್ಟು ದೊಡ್ಡ ಯಂತ್ರಗಳು ಯಾಕೆ? ಗುಜರಿಯವರ ಹಾಗೆ ಗ್ಯಾಸ್ ಕಟರ್ ಹಿಡಿದರೆ ಆಗುವುದಿಲ್ಲವೇ?

ಆಗುವುದಿಲ್ಲ. ಎಷ್ಟು ಸಲ ಹೇಳಿದರೂ ಇದೇ ಪ್ರಶ್ನೆ ಮತ್ತೆ ಬರುತ್ತದೆ. ಈ ಸಲ ಬುಡದಿಂದಲೇ ಹೇಳಿಬಿಡುತ್ತೇನೆ.

ಗ್ಯಾಸ್ ಕಟರ್ ಕಬ್ಬಿಣವನ್ನು ಸುಮ್ನೆ ಕರಗಿಸುವುದಿಲ್ಲ, ಸುಡುತ್ತದೆ. ಕೆಂಪಗೆ ಕಾದ ಕಬ್ಬಿಣದ ಮೇಲೆ ಆಮ್ಲಜನಕ ರಭಸವಾಗಿ ಬಿದ್ದಾಗ ಕಬ್ಬಿಣವೇ ಉರಿದು ಆಕ್ಸೈಡ್ ಆಗುತ್ತದೆ. ಆ ಆಕ್ಸೈಡ್ ಕಬ್ಬಿಣಕ್ಕಿಂತ ಕಡಿಮೆ ಶಾಖಕ್ಕೆ ಕರಗಿ ಹಾರಿಹೋಗುತ್ತದೆ. ಕಟ್ ನೀಟಾಗಿ ಬರುವುದು ಅದಕ್ಕೇ.

ವಿಮಾನಗಳ ಮೈಯಲ್ಲಿ ಅಲ್ಯೂಮಿನಿಯಂ ಜಾಸ್ತಿ. ಅಲ್ಲಿ ಲೆಕ್ಕ ಪೂರ್ತಿ ತಲೆಕೆಳಗು. ಅಲ್ಯೂಮಿನಿಯಂ ಸುಮಾರು 660 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಅದರ ಮೇಲಿನ ಆಕ್ಸೈಡ್ ಪದರ ಕರಗಲು 2,000 ಡಿಗ್ರಿ ದಾಟಬೇಕು. ಒಳಗಿನ ಲೋಹ ನೀರಾಗಿರುತ್ತದೆ, ಪದರ ಮಾತ್ರ ಹಾಲಿನ ಕೆನೆಯ ಹಾಗೆ ಹಿಡಿದು ನಿಂತಿರುತ್ತದೆ. ಕೊನೆಗೆ ಕೈಗೆ ಸಿಗುವುದು ಜೋತುಬಿದ್ದ ಮುದ್ದೆ. ‘ಉರಿ ಜಾಸ್ತಿ ಮಾಡಿದರೆ?’ ಅಕ್ಕಪಕ್ಕದ ಲೋಹವೂ ಕುಸಿಯುತ್ತದೆ, ಅಷ್ಟೇ. ಟ್ಯಾಂಕಿನ ಮೂಲೆಯಲ್ಲಿ ಉಳಿದ ಇಂಧನದ ಆವಿ, ಕೆಲವು ಕಡೆ ಹೊತ್ತಿಕೊಂಡು ಉರಿಯಬಲ್ಲ ಮೆಗ್ನೀಸಿಯಂ ಬಿಡಿಭಾಗಗಳು ಬೇರೆ. ಇವುಗಳ ಪಕ್ಕ ಬೆಂಕಿ ಹಿಡಿದು ನಿಲ್ಲುವ ಮಾತೇ ಬೇಡ.

ಹಾಗಾಗಿ ಕತ್ತರಿ. ಮೊದಲು ಇಂಧನ, ಎಣ್ಣೆ ಬಸಿಯುತ್ತಾರೆ. ಅಪಾಯದಲ್ಲಿ ಪೈಲಟ್‌ನನ್ನು ಹೊರಗೆ ಚಿಮ್ಮಿಸುವ ಎಜೆಕ್ಷನ್ ಸೀಟಿನ ಸಿಡಿಮದ್ದು ತೆಗೆಯುತ್ತಾರೆ. ಆಮೇಲೆ ಹಿಟಾಚಿ ಬರುತ್ತದೆ. ಅದರ ತೋಳಿನ ತುದಿಯಲ್ಲಿ ಬಕೆಟ್ ಬದಲು ಹೈಡ್ರಾಲಿಕ್ ಕತ್ತರಿ ಇರುತ್ತದೆ. ಕಿಡಿ, ಉರಿ ಬೇಕಿಲ್ಲ. ಅದುಮಿ ಕತ್ತರಿಸುತ್ತದೆ.

ಎಲ್ಲ ಸಲ ಕತ್ತರಿಯೇ ಇರಲಿಲ್ಲ ಎಂಬುದನ್ನೂ ಹೇಳಬೇಕು. ಅಮೆರಿಕದ ಅರಿಜೋನಾದಲ್ಲಿ ಡೇವಿಸ್-ಮಾಂಥನ್ ವಾಯುನೆಲೆ ಇದೆ. ಅಣ್ವಸ್ತ್ರ ಕಡಿಮೆ ಮಾಡಲು ಅಮೆರಿಕ ಮತ್ತು ಸೋವಿಯತ್ ಒಕ್ಕೂಟ 1991ರಲ್ಲಿ ಮಾಡಿಕೊಂಡ ಸ್ಟಾರ್ಟ್ ಒಪ್ಪಂದದ ಪ್ರಕಾರ ಅಲ್ಲಿ 365 ಬಿ-52 ಬಾಂಬರ್‌ಗಳನ್ನು ನಾಶ ಮಾಡಬೇಕಿತ್ತು. ಕ್ರೇನಿಗೆ ಸುಮಾರು 13,000 ಪೌಂಡ್, ಅಂದರೆ ಆರು ಟನ್ನಿನಷ್ಟು ತೂಕದ ಅಲಗು ಕಟ್ಟಿ, ಮೇಲಿಂದ ವಿಮಾನದ ಮೇಲೆ ಬೀಳಿಸುತ್ತಿದ್ದರು. ರೆಕ್ಕೆ, ಬಾಲ, ಒಡಲು ಬೇರೆ ಬೇರೆ. ತುಂಡುಗಳನ್ನು ತಕ್ಷಣ ಗುಜರಿಗೆ ಸಾಗಿಸುವಂತೆಯೂ ಇರಲಿಲ್ಲ. 90 ದಿನ ಬಯಲಲ್ಲೇ ಬಿಡಬೇಕಿತ್ತು. ಯಾಕೆ ಗೊತ್ತಾ? ರಷ್ಯಾದ ಉಪಗ್ರಹಗಳು ಮೇಲಿಂದ ನೋಡಿ, ಇವು ಇನ್ನು ಹಾರುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲಿ ಎಂದು. ಒಡೆಯುವ ವಿಧಾನವನ್ನು ಇಲ್ಲಿ ನಿರ್ಧರಿಸಿದ್ದು ಲೋಹದ ಬೆಲೆಯಲ್ಲ, ಎರಡು ದೇಶಗಳ ನಡುವಿನ ಅಪನಂಬಿಕೆ.

ಆ ಅಲಗು ಬಿದ್ದರೆ ಬಿಡಿಭಾಗಗಳೂ ಜಜ್ಜಿಹೋಗುತ್ತಿದ್ದವು. ಅದಕ್ಕೇ ಮುಂದೆ ಗರಗಸಕ್ಕೆ ಬದಲಾದರು. ಅಮೆರಿಕ ಮತ್ತು ರಷ್ಯಾ ಆಮೇಲೆ ಮಾಡಿಕೊಂಡ ಹೊಸ ಸ್ಟಾರ್ಟ್ ಒಪ್ಪಂದದ ಲೆಕ್ಕದಲ್ಲಿದ್ದ ಕೊನೆಯ ಬಿ-52ಜಿ (ಬಿ-52ರ ಒಂದು ಮಾದರಿ) ವಿಮಾನದ ಬಾಲವನ್ನು 2013ರ ಡಿಸೆಂಬರ್‌ನಲ್ಲಿ ಗರಗಸದಿಂದಲೇ ಕೊಯ್ದರು.