ಅಶೋಕ ಚಕ್ರ ಬರೆಯುತ್ತ ಫೋಟೋಶಾಪ್ ಶೇಪ್ ಲೇಯರ್ ಕಲಿಯುವುದು

ಹುಬ್ಬಳ್ಳಿಯ ಬೆಂಗೇರಿಯಲ್ಲಿ ತಯಾರಾಗುವ ಖಾದಿ ರಾಷ್ಟ್ರಧ್ವಜಕ್ಕೆ ಒಂಬತ್ತು ಪ್ರಮಾಣಿತ ಅಳತೆಗಳಿವೆ. ಅತಿ ದೊಡ್ಡದು 6300×4200 ಮಿ.ಮೀ., ಅತಿ ಚಿಕ್ಕದು 150×100. ಇಷ್ಟು ಅಂತರದ ಅಳತೆಗಳಿಗೆ ಪಿಕ್ಸೆಲ್‌ನಲ್ಲಿ ಚಕ್ರ ಬರೆದರೆ ಅಂಚು ಒಡೆಯುತ್ತದೆ. ಶೇಪ್ ಲೇಯರ್ ಆಕಾರವನ್ನು ಪಾಥ್ ಆಗಿ, ಅಂದರೆ ಹಿಗ್ಗಿಸಿದರೂ ಕುಗ್ಗಿಸಿದರೂ ಒಡೆಯದ ಗೆರೆಯಾಗಿ (ವೆಕ್ಟರ್) ಇಡುತ್ತದೆ. ಆದ್ದರಿಂದ ಶೇಪ್ ಟೂಲ್ ಅಭ್ಯಾಸಕ್ಕೆ ಇದು ಹೇಳಿಮಾಡಿಸಿದ ಚಿತ್ರ.

900×600 ಮಿ.ಮೀ. ಕಡತ ತೆರೆದು 150 ಪಿಪಿಐ, ಅಂದರೆ ಇಂಚಿಗೆ 150 ಪಿಕ್ಸೆಲ್ ಇಡಿ (5315×3543 ಪಿಕ್ಸೆಲ್). ನ್ಯೂ ಗೈಡ್‌ನಲ್ಲಿ 50% ಎಂದು ಬರೆದು ಅಡ್ಡ ಒಂದು, ಉದ್ದ ಒಂದು ಗೆರೆ ಹಾಕಿ. ಎಲಿಪ್ಸ್ ಟೂಲ್ ಹಿಡಿದು ಆಪ್ಷನ್ಸ್ ಬಾರ್‌ನಲ್ಲಿ 'ಶೇಪ್' ಇದೆಯೇ ನೋಡಿ. 'ಪಿಕ್ಸೆಲ್ಸ್' ಇದ್ದರೆ ಮಾಡಿದ್ದೆಲ್ಲ ವ್ಯರ್ಥ. ಗೈಡ್‌ಗಳು ಕೂಡುವಲ್ಲಿ ಒಮ್ಮೆ ಕ್ಲಿಕ್ ಮಾಡಿ, 'ಫ್ರಮ್ ಸೆಂಟರ್' ಗುರುತು ಹಾಕಿ 185 ಮಿ.ಮೀ. ಕೊಡಿ. ಈ ಧ್ವಜಕ್ಕೆ ಚಕ್ರದ ವ್ಯಾಸ ಅಷ್ಟೇ. ಆಮೇಲೆ ಪಾಥ್ ಆಪರೇಷನ್ಸ್‌ನಲ್ಲಿ 'ಸಬ್‌ಟ್ರಾಕ್ಟ್ ಫ್ರಂಟ್ ಶೇಪ್' ಆರಿಸಿ, ಅಲ್ಲೇ ಮತ್ತೊಂದು ವೃತ್ತ ಹಾಕಿ. ಅಭ್ಯಾಸಕ್ಕೆ 160 ಸಾಕು. ಬಳೆ ಸಿದ್ಧ.

ಬಳೆಗೆ ಸ್ಟ್ರೋಕ್ (ಆಕಾರದ ಅಂಚಿನ ಗೆರೆ) ಬಳಸುವುದು ಸುಲಭ ಅನಿಸುತ್ತದೆ, ಆದರೆ ಬೇಡ. ಫ್ರೀ ಟ್ರಾನ್ಸ್‌ಫಾರ್ಮ್‌ನಲ್ಲಿ ಆಕಾರ ಚಿಕ್ಕದಾದರೂ ಸ್ಟ್ರೋಕ್ ದಪ್ಪ ಹಾಗೇ ಉಳಿಯುತ್ತದೆ. ಚಕ್ರ ಸಣ್ಣದು, ಬಳೆ ದಪ್ಪ!

ಹೊಸಬರು ಹೆಚ್ಚು ಎಡವುವುದು ಇನ್ನು ಮುಂದೆ. ಒಂದೇ ಲೇಯರ್‌ನೊಳಗಿನ ಪಾಥ್‌ಗಳಿಗೂ ಮೇಲು-ಕೆಳಗು ಉಂಟು. 'ಸಬ್‌ಟ್ರಾಕ್ಟ್' ತನ್ನ ಕೆಳಗಿರುವುದನ್ನು ಮಾತ್ರ ಕತ್ತರಿಸುತ್ತದೆ. ಒಳವೃತ್ತ ಹೊರವೃತ್ತದ ಕೆಳಗೆ ಹೋದರೆ ರಂಧ್ರವೇ ಬೀಳುವುದಿಲ್ಲ. ಮುಂದೆ ಬರೆಯುವ ಚಕ್ರದ ಕಡ್ಡಿಗಳು ಒಳವೃತ್ತದ ಕೆಳಗೆ ಹೋದರೆ ಕಡ್ಡಿಗಳೇ ಮಾಯ. ಹಾಗಾದಾಗ ಕಪ್ಪು ಬಾಣದಿಂದ (ಪಾಥ್ ಸೆಲೆಕ್ಷನ್ ಟೂಲ್) ಪಾಥ್ ಹಿಡಿದು ಪಾಥ್ ಅರೇಂಜ್‌ಮೆಂಟ್‌ನಲ್ಲಿ ಮೇಲಕ್ಕೆ ತನ್ನಿ. ಅಳಿಸಿ ಮತ್ತೆ ಬರೆಯಬೇಕಿಲ್ಲ.

ಕಡ್ಡಿಗೆ ಪೆನ್ ಟೂಲ್. ಎಳೆಯದೆ ನಾಲ್ಕು ಕಡೆ ಕ್ಲಿಕ್ ಮಾಡಿ: ಎರಡು ತುದಿ, ನಡುವೆ ಎರಡು ಪಕ್ಕ. ಮೊದಲೇ 'ಕಂಬೈನ್ ಶೇಪ್ಸ್' ಆರಿಸಿರಬೇಕು, ಇಲ್ಲವಾದರೆ ಬೇರೆ ಲೇಯರ್ ಹುಟ್ಟುತ್ತದೆ. ಆ ಪಾಥನ್ನಷ್ಟೇ ಕಪ್ಪು ಬಾಣದಿಂದ ಹಿಡಿದು ಕಂಟ್ರೋಲ್+ಆಲ್ಟ್+ಟಿ ಒತ್ತಿ. 2019ರ ಆವೃತ್ತಿಯಿಂದ ಈಚೆಗೆ ರೆಫರೆನ್ಸ್ ಪಾಯಿಂಟ್ (ಆಕಾರ ತಿರುಗುವ ಕೇಂದ್ರ) ತಾನಾಗಿ ಕಾಣುವುದಿಲ್ಲ. ಆಪ್ಷನ್ಸ್ ಬಾರ್‌ನ ಎಡತುದಿಯ ಚೌಕಕ್ಕೆ ಗುರುತು ಹಾಕಿ, ಬಿಂದುವನ್ನು ಗೈಡ್‌ಗಳ ಕೂಡುಜಾಗಕ್ಕೆ ಎಳೆಯಿರಿ. ಕೋನ 15, ಎಂಟರ್. ಎರಡನೆಯ ಕಡ್ಡಿ ಬಂತು. ಕಂಟ್ರೋಲ್+ಶಿಫ್ಟ್+ಆಲ್ಟ್+ಟಿ ಇನ್ನು 22 ಸಲ, ಒಟ್ಟು 24. ಒಂದು ಸಲ ಹೆಚ್ಚು ಒತ್ತಿದರೆ 25ನೆಯದು ಮೊದಲನೆಯದರ ಮೇಲೇ ಕೂರುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಬಳೆಯ ಒಳಅಂಚಿನ ಅರೆವೃತ್ತದ ಚುಕ್ಕೆಗಳಿಗೂ ಇದೇ ಕ್ರಮ. ಮೊದಲ ಚುಕ್ಕೆ ಮಾತ್ರ ಕಡ್ಡಿಯಿಂದ 7.5 ಡಿಗ್ರಿ ಸರಿದಿರಬೇಕು.

ಫೋಟೋಶಾಪ್ ಬದಲು ಜಿಂಪ್ 2.10 ಬಳಸುವವರಿಗೆ ಈ ದಾರಿ ಇಲ್ಲ. ಅಲ್ಲಿ ಪಾಥ್ ಬರೀ ಮಾರ್ಗದರ್ಶಿ, ಬಣ್ಣ ತುಂಬಿದೊಡನೆ ಪಿಕ್ಸೆಲ್. ಅವರಿಗೆ ವೆಕ್ಟರ್ ಚಿತ್ರಕ್ಕೆಂದೇ ಇರುವ ಇಂಕ್‌ಸ್ಕೇಪ್ ಒಳ್ಳೆಯದು.

6300 ಮಿ.ಮೀ. ಕಡತ 150 ಪಿಪಿಐನಲ್ಲಿ 37,205 ಪಿಕ್ಸೆಲ್ ಅಗಲ ಆಗುತ್ತದೆ. ಫೋಟೋಶಾಪ್‌ನ ಪಿಎಸ್‌ಡಿ ಕಡತದ ಮಿತಿ 30,000. ಹತ್ತನೇ ಒಂದು ಅಳತೆಯಲ್ಲಿ ಮಾಡಿ ಪಿಡಿಎಫ್ ಆಗಿ ಉಳಿಸಿ, ಮುದ್ರಿಸುವವರಿಗೆ 1000% ಎಂದು ಹೇಳಿ. ಜೆಪಿಜಿ ಕೊಟ್ಟರೆ ಪಾಥ್‌ಗಳೆಲ್ಲ ಪಿಕ್ಸೆಲ್ ಆಗಿ ಹೋಗಿರುತ್ತವೆ.

ವೆಕ್ಟರ್ ಆಯಿತಲ್ಲ, ಇನ್ನು ಎಷ್ಟಕ್ಕಾದರೂ ಕುಗ್ಗಿಸಬಹುದು ಅಂದುಕೊಳ್ಳಬೇಡಿ. 900×600ರಲ್ಲಿ ಚಕ್ರ ಧ್ವಜದ ಎತ್ತರದ ಸುಮಾರು 30.8%, 6300×4200ರಲ್ಲೂ (1295 ಮಿ.ಮೀ.) ಅಷ್ಟೇ. 225×150ಕ್ಕೆ ಬಂದರೆ 40 ಮಿ.ಮೀ., ಅಂದರೆ 26.7%. 150×100ಕ್ಕೆ 25 ಮಿ.ಮೀ., ಸರಿಯಾಗಿ ಕಾಲು ಭಾಗ. ಇಡೀ ಧ್ವಜವನ್ನು 150×100ಕ್ಕೆ ಕುಗ್ಗಿಸಿಬಿಟ್ಟರೆ ಚಕ್ರ ಸುಮಾರು 31 ಮಿ.ಮೀ. ಆಗಿ 25ನ್ನು ಮೀರಿಬಿಡುತ್ತದೆ. ಆದ್ದರಿಂದ ಪಟ್ಟಿಗಳು ಬೇರೆ ಲೇಯರ್, ಚಕ್ರ ಬೇರೆ ಲೇಯರ್. ಕುಗ್ಗಿಸಿದ ಮೇಲೆ ಚಕ್ರದ ಲೇಯರನ್ನಷ್ಟೇ ಹಿಡಿದು, ಅಗಲ-ಎತ್ತರದ ಕೊಂಡಿ ಹಾಕಿ, 25 ಮಿ.ಮೀ. ಬರೆಯಿರಿ.